ಬೆಳಕು ತೂರುವ ಪಿಂಗಾಣಿ ದೀಪಕ್ಕೆ ಬಾಡಿ (ಮಣ್ಣಿನ ಮಿಶ್ರಣ) ಹೇಗಿರಬೇಕು? 1240 ಡಿಗ್ರಿ ಕಿಲ್ನ್‌ನಲ್ಲಿ ಆಗುತ್ತಾ?

ಗೊಂಬೆಮನೆ_ಮೈಸೂರು

ಎಲ್ಲರಿಗೂ ನಮಸ್ಕಾರ. ನಾನು ಸರಸ್ವತಿಪುರಂನವಳು. ಮೊದಲು ಮೈಸೂರು ಶೈಲಿಯ ಚಿತ್ರ ಬರೆಯುತ್ತಿದ್ದೆ. ಗೆಸ್ಸೋ ಲೇಪದಿಂದ ಉಬ್ಬು ಎಬ್ಬಿಸಿ ಚಿನ್ನದ ರೇಕು ಹಚ್ಚುವ ಕೆಲಸ. ಈಗ ಕೆಲವು ವರ್ಷದಿಂದ ಮಣ್ಣಿನ ಹುಚ್ಚು ಹಿಡಿದಿದೆ. ತಾರಸಿ ಮೇಲೆ ಶೀಟ್ ಹಾಕಿದ ಕೋಣೆಯಲ್ಲಿ ಮಣ್ಣು ಸುಡುವ ಸಣ್ಣ ಎಲೆಕ್ಟ್ರಿಕ್ ಕಿಲ್ನ್ (ಒಲೆ) ಇದೆ. 1280ರವರೆಗೆ ಹೋಗುತ್ತೆ ಅಂತ ಮಾರಿದವರು ಹೇಳಿದ್ದರು. 1240 ದಾಟಿದ ಮೇಲೆ ಅದು ಏರುವ ಪಾಡು ನೋಡಿದರೆ ಅಯ್ಯೋ ಪಾಪ ಅನ್ನಿಸುತ್ತದೆ.

ನನಗೆ ಬೇಕಿರುವುದು ಇಷ್ಟು. ದಸರೆಗೆ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆಗಳ ಹಿಂದೆ ಇಡಲು ಗೇಣುದ್ದದ ದೀಪಗಳು. ಒಳಗೆ ಬಲ್ಬ್ ಹಚ್ಚಿದರೆ ಗೋಡೆಯೇ ಬೆಳಗಬೇಕು. ತೂತು ಕೊರೆದು ಬೆಳಕು ಬಿಡುವ ನಮೂನೆ ಬೇಡ, ಅದು ಎಲ್ಲಾ ಕಡೆ ಸಿಗುತ್ತದೆ.

ಈಗ ಕಲಸುತ್ತಿರುವ ಬಾಡಿ: ಚೀನಾ ಕ್ಲೇ (ಬಿಳಿ ಜೇಡಿ) 40, ಬಾಲ್ ಕ್ಲೇ (ಅಂಟು ಜೇಡಿ) 15, ಪೊಟ್ಯಾಷ್ ಫೆಲ್ಡ್‌ಸ್ಪಾರ್ (ಶಾಖಕ್ಕೆ ಕರಗುವ ಕಲ್ಲಿನ ಪುಡಿ) 25, ಕ್ವಾರ್ಟ್ಜ್ ಪುಡಿ 20. ತಿಗರಿ ಮೇಲೆ ಚೆನ್ನಾಗಿಯೇ ಏಳುತ್ತದೆ. ಆದರೆ 1240ಕ್ಕೆ ಸುಟ್ಟು ಬಲ್ಬ್ ಇಟ್ಟರೆ ಕೆತ್ತಿ ತೆಳುವಾದ ಕಡೆ ಮಾತ್ರ ಕಂದು ಕಂದಾಗಿ ಏನೋ ಕಾಣುತ್ತದೆ. ಇನ್ನೂ ತೆಳು ಮಾಡಿ, ಇನ್ನೂ ಕಾಯಿಸಿದರೆ ಬಾಯಿ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ.

ಬೋನ್ ಚೈನಾ ಮಾಡು ಅಂತ ಕೆಲವರು ಹೇಳುತ್ತಾರೆ. ಮೂಳೆ ಬೂದಿ ಮನೆಗೆ ತಂದರೆ ನಮ್ಮ ಅತ್ತೆ ನನ್ನನ್ನೂ ಕಿಲ್ನನ್ನೂ ಒಟ್ಟಿಗೇ ಆಚೆ ಹಾಕುತ್ತಾರೆ. ಬೇರೆ ದಾರಿ ಇದೆಯಾ? ತಿಳಿದವರು ಹೇಳಿ.

ಕುಂಬಾರಗೇರಿ_ಹುಡುಗ

ಅಕ್ಕ, ನಮ್ಮದು ಕೆರೆ ಮಣ್ಣಿನ ಮನೆ, ಪಿಂಗಾಣಿ ನಮಗೆ ದೂರ. ಆದರೂ ತಿಗರಿ ವಿಷಯ ಒಂದೆರಡು ಹೇಳುತ್ತೇನೆ.

ತೆಳುವಾಗಿ ಎತ್ತೋಕೆ ಹೋಗಬೇಡಿ. ದಪ್ಪಕ್ಕೇ ಎತ್ತಿ, ಅರೆ ಒಣಗಿದ ಮೇಲೆ ಕೆತ್ತಿ ತೆಳು ಮಾಡಿ. ಕೆತ್ತುವಾಗ ಆಗಾಗ ತಿಗರಿ ನಿಲ್ಲಿಸಿ ಬೆರಳಲ್ಲಿ ತಟ್ಟಿ. ದಪ್ಪ ಇರುವ ಕಡೆ ಒಂದು ಸದ್ದು, ತೆಳುವಾದ ಕಡೆ ಇನ್ನೊಂದು ಸದ್ದು. ಸುತ್ತ ಒಂದೇ ಸದ್ದು ಬರುವವರೆಗೆ ಕೆತ್ತಬೇಕು. ಬಾಯಿ ಅಂಚನ್ನು ಎತ್ತುವಾಗಲೇ ಚರ್ಮದ ಚೂರಿಂದ ಒತ್ತಿ ಒತ್ತಿ ಗಟ್ಟಿ ಮಾಡಿ, ಸೀಳು ಕಡಿಮೆಯಾಗುತ್ತೆ.

ಇನ್ನೊಂದು. ಕೆಂಪು ಮಣ್ಣು ಮುಟ್ಟಿದ ಬಕೆಟ್, ಸ್ಪಂಜು, ದಾರ ಯಾವುದನ್ನೂ ಇದಕ್ಕೆ ತರಬೇಡಿ. ನಮ್ಮ ಮಣ್ಣಲ್ಲಿ ಕಬ್ಬಿಣ ಜಾಸ್ತಿ. ನಿಮ್ಮ ಶಾಖಕ್ಕೆ ಅದು ಕರಗಿ ಕಪ್ಪು ಚುಕ್ಕೆ ಆಗುತ್ತೆ.

ಮಂಡ್ಯ_ಇನ್ಸುಲೇಟರ್

ಗೊಂಬೆಮನೆ ಅವರೇ, ನಾನು ಸರ್ವಿಸ್ ಪೂರ್ತಿ ಇನ್ಸುಲೇಟರ್ ಕಾರ್ಖಾನೆಯ ಬಾಡಿ ವಿಭಾಗದಲ್ಲಿ ಕಳೆದವನು. ಈಗ ಮಂಡ್ಯದಲ್ಲಿ ಗದ್ದೆ ನೋಡಿಕೊಂಡಿದ್ದೇನೆ. ಕರೆಂಟ್ ಕಂಬದ ಮೇಲೆ ಕೂರುವ ಪಿಂಗಾಣಿಗೂ ನಿಮ್ಮ ದೀಪಕ್ಕೂ ಸಾಮಾನು ಅವೇ: ಜೇಡಿ, ಫೆಲ್ಡ್‌ಸ್ಪಾರ್, ಕ್ವಾರ್ಟ್ಜ್. ಮೈಸೂರು ಸಂಸ್ಥಾನದ ಕಾಲದಲ್ಲೇ ಬೆಂಗಳೂರಲ್ಲಿ ಸರ್ಕಾರಿ ಪಿಂಗಾಣಿ ಕಾರ್ಖಾನೆ ಇತ್ತು, ಆಮೇಲೆ ಅದು ಬಿಎಚ್‌ಇಎಲ್‌ಗೆ ಸೇರಿತು. ಈ ಕೆಲಸ ನಮ್ಮ ಕಡೆಗೆ ಹೊಸದೇನಲ್ಲ ಕಣಮ್ಮ. ಆದರೆ ಇನ್ಸುಲೇಟರ್‌ಗೆ ಬೆಳಕು ತೂರುತ್ತಾ ಅಂತ ಯಾರೂ ಕೇಳುವುದಿಲ್ಲ, ಅಷ್ಟೇ ವ್ಯತ್ಯಾಸ.

ನೀವು ಬರೀ ತೆಳುವಿನ ಹಿಂದೆ ಬಿದ್ದಿದ್ದೀರಿ. ಅದನ್ನು ಸದ್ಯಕ್ಕೆ ಬಿಡಿ, ಮೊದಲು ಬಾಡಿ ಸರಿ ಮಾಡಿ. ಬೆಳಕು ಜೇಡಿಯಲ್ಲಿ ತೂರುವುದಿಲ್ಲ, ಸುಡುವಾಗ ಒಳಗೆ ಹುಟ್ಟುವ ಗಾಜಿನಲ್ಲಿ ತೂರುತ್ತದೆ. ಆ ಗಾಜು ಕೊಡುವುದು ಫೆಲ್ಡ್‌ಸ್ಪಾರ್. ಅದು ಕರಗಿ, ಸಣ್ಣ ಕ್ವಾರ್ಟ್ಜ್ ಕಣಗಳನ್ನೂ ಕರಗಿಸಿಕೊಂಡು, ಸಂದುಗಳನ್ನೆಲ್ಲ ತುಂಬಬೇಕು. ಜೇಡಿ ಮಾತ್ರ ಪೂರ್ತಿ ಕರಗುವುದಿಲ್ಲ, ಮುಲ್ಲೈಟ್ ಅನ್ನುವ ಸೂಜಿ ಸೂಜಿ ಹರಳಾಗುತ್ತದೆ. ಪಾತ್ರೆ ಕುಸಿಯದೆ ನಿಲ್ಲುವುದು ಅದರಿಂದಲೇ. ಆದರೆ ಬೆಳಕನ್ನು ಚದುರಿಸುವುದೂ ಅದೇ ಹರಳು, ಜೊತೆಗೆ ಕರಗದೆ ಉಳಿದ ಕ್ವಾರ್ಟ್ಜ್, ಮತ್ತೆ ಗಾಳಿಯ ಸಣ್ಣ ರಂಧ್ರ. ಗಾಜು ಜಾಸ್ತಿ ಮಾಡಿದಷ್ಟೂ ಬೆಳಕು ಬರುತ್ತೆ, ಅಷ್ಟೇ ಬೇಗ ಬಾಯಿ ವಾಲುತ್ತೆ. ಎರಡನ್ನೂ ತೂಗಿಸುವುದೇ ಇಲ್ಲಿನ ಕೆಲಸ.

ಈಗ ನಿಮ್ಮ ಮಿಶ್ರಣಕ್ಕೆ ಬರೋಣ. ಮೊದಲ ತೊಂದರೆ ಬಾಲ್ ಕ್ಲೇ. ತಿಗರಿ ಮೇಲೆ ಸಲೀಸಾಗಿ ಏಳುವುದು ಅದರಿಂದ, ಕಂದು ಬರುವುದೂ ಅದರಿಂದಲೇ. ಅದರಲ್ಲಿ ಕಬ್ಬಿಣವೂ ಟೈಟಾನಿಯಾವೂ (ಟೈಟಾನಿಯಂ ಆಕ್ಸೈಡ್) ಇರುತ್ತವೆ. ಕಬ್ಬಿಣ ಒಂದೇ ಇದ್ದರೆ ಇಷ್ಟು ಕೆಡುವುದಿಲ್ಲ. ಎರಡೂ ಸೇರಿದರೆ ಬಣ್ಣ ಇನ್ನೂ ಗಾಢ. ಬಾಲ್ ಕ್ಲೇ ಪೂರ್ತಿ ತೆಗೆಯಿರಿ. ಬದಲಿಗೆ ಬಿಳಿ ಬೆಂಟೊನೈಟ್ (ತುಂಬಾ ಅಂಟಿರುವ ಜೇಡಿ) 3 ಭಾಗ ಹಾಕಿ. ಅಂಗಡಿಯಲ್ಲಿ ಸುಮ್ನೆ ಬೆಂಟೊನೈಟ್ ಅಂತ ಕೇಳಿದರೆ ಬೋರ್‌ವೆಲ್ ಕೊರೆಯುವವರು ಬಳಸುವ ಮಣ್ಣು ಬಣ್ಣದ್ದು ಕೊಡುತ್ತಾರೆ, ಅದು ಬೇಡ.

ಚೀನಾ ಕ್ಲೇ ಕೊಳ್ಳುವಾಗ ಟೆಸ್ಟ್ ಶೀಟ್ ಕೇಳಿ. ಕೇರಳದಲ್ಲಿ ತಿರುವನಂತಪುರದ ಕಡೆಯಿಂದ ಒಳ್ಳೆ ಜೇಡಿ ಬರುತ್ತದೆ, ಗುಜರಾತಿನದೂ ಸಿಗುತ್ತದೆ. ಊರಿನ ಹೆಸರು ನೋಡಿ ಕೊಳ್ಳಬೇಡಿ. ಟೆಸ್ಟ್ ಶೀಟಿನಲ್ಲಿ ಕಬ್ಬಿಣ ಅರ್ಧ ಪರ್ಸೆಂಟಿಗಿಂತ ಕಡಿಮೆ ಇರಬೇಕು, ಟೈಟಾನಿಯಾ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಕಾಗದಕ್ಕೆ ಹಚ್ಚುವ ಜೇಡಿ ಹಸಿಯಲ್ಲಿ ಬೆಳ್ಳಗೆ ಕಾಣುತ್ತೆ, ಸುಟ್ಟ ಮೇಲೆ ಹೇಗೆ ಅನ್ನುವುದೇ ನಮಗೆ ಮುಖ್ಯ. ನ್ಯೂಜಿಲೆಂಡಿನ ಮಟೌರಿ ಬೇ ಅನ್ನುವ ಕಡೆಯ ಹ್ಯಾಲೋಯ್ಸೈಟ್ ಜೇಡಿಯಲ್ಲಿ ಇವೆರಡೂ ತೀರಾ ಕಡಿಮೆ. ಬೆಳಕು ತೂರುವ ಸಾಮಾನು ಮಾಡುವವರು ಅದಕ್ಕೇ ಅದನ್ನು ಹುಡುಕಿಕೊಂಡು ಹೋಗುತ್ತಾರೆ. ನಮಗೆ ಅಷ್ಟು ದೂರದ್ದು ಬೇಕಿಲ್ಲ.

ಎರಡನೆಯದು ಶಾಖ. ಪೊಟ್ಯಾಷ್ ಫೆಲ್ಡ್‌ಸ್ಪಾರ್ 1280, 1300ರ ಕಿಲ್ನ್‌ಗೆ ಸರಿ. ಅದು ನಿಧಾನವಾಗಿ ಇಳಿಯುತ್ತೆ, ಗಾಜು ಗಟ್ಟಿಯಾಗಿರುತ್ತೆ. ನಿಮ್ಮ 1240ಕ್ಕೆ ಸೋಡಾ ಫೆಲ್ಡ್‌ಸ್ಪಾರ್ ಹಾಕಿ. ಅದು ಬೇಗ ಕರಗುತ್ತದೆ. ಟೈಲ್ಸ್ ಕಾರ್ಖಾನೆಗಳಿಗೆ ಲೋಡುಗಟ್ಟಲೆ ಹೋಗುವ ಮಾಲು, ಸಿಗುವುದು ಕಷ್ಟವಿಲ್ಲ. ಶುರುವಿಗೆ ಇದು ನೋಡಿ: ಚೀನಾ ಕ್ಲೇ 42, ಸೋಡಾ ಫೆಲ್ಡ್‌ಸ್ಪಾರ್ 35, ಕ್ವಾರ್ಟ್ಜ್ 20, ಬಿಳಿ ಬೆಂಟೊನೈಟ್ 3. ಕ್ವಾರ್ಟ್ಜ್ 300 ಮೆಷ್, ಅಂದರೆ ನುಣ್ಣನೆ ಪುಡಿ, ತರಿಸಿ. ಒಣ ಪುಡಿ ಕಲಸುವಾಗ ಒಳ್ಳೆ ಮಾಸ್ಕ್ ಹಾಕಲೇಬೇಕು, ನೆಲ ಗುಡಿಸಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಕ್ವಾರ್ಟ್ಜ್ ಧೂಳು ಶ್ವಾಸಕೋಶಕ್ಕೆ ಹೋದರೆ ವಾಪಸ್ ಬರುವುದಿಲ್ಲ. ನಮ್ಮವರು ಕೆಲವರು ಅದರಲ್ಲೇ ಹೋದರು.

ಇದನ್ನೇ ಕಣ್ಣು ಮುಚ್ಚಿ ಮಾಡಬೇಡಿ. ಫೆಲ್ಡ್‌ಸ್ಪಾರ್ 30, 35, 40 ಅಂತ ಮೂರು ಕಲಸಿ, ಅಷ್ಟಷ್ಟು ಜೇಡಿ ತಗ್ಗಿಸಿ. ಪ್ರತಿಯೊಂದರಲ್ಲೂ ಎರಡು ತುಂಡು ಮಾಡಿ. ಒಂದು, ಮೆಟ್ಟಿಲು ಬಿಲ್ಲೆ: ಒಂದು ತುದಿ 1 ಮಿಲಿಮೀಟರ್, ಆಮೇಲೆ 2, 3, 4, 5. ಇನ್ನೊಂದು, ಉದ್ದ ಪಟ್ಟಿ. ಎರಡು ತುದಿಗೂ ಇಟ್ಟಿಗೆ ಚೂರು ಕೊಟ್ಟು ಸೇತುವೆಯಂತೆ ಇಟ್ಟು ಸುಡಿ. ಬಿಲ್ಲೆ ಬೆಳಕು ಹೇಳುತ್ತದೆ, ಪಟ್ಟಿ ಎಷ್ಟು ಜೋತಿದೆ ಅನ್ನುವುದು ಕುಸಿತ ಹೇಳುತ್ತದೆ. ಮೀಟರನ್ನೇ ನಂಬಬೇಡಿ, ಪಕ್ಕದಲ್ಲಿ ಕೋನ್ (ನಿಗದಿತ ಶಾಖಕ್ಕೆ ಬಾಗುವ ಸಣ್ಣ ಗೋಪುರ) ಇಡಿ. ಮೇಲಿನ ಶಾಖದಲ್ಲಿ ಅರ್ಧ ಗಂಟೆ ಹಿಡಿದು ನಿಲ್ಲಿಸಿದರೆ ಸಂದುಗಳು ಇನ್ನಷ್ಟು ಮುಚ್ಚುತ್ತವೆ.

ಸರಿಯಾಗಿ ಬೆಂದಿದೆಯಾ ಅಂತ ನೋಡಲು ನಾವು ಒಡೆದ ಚೂರುಗಳನ್ನು ಫುಕ್ಸಿನ್ ಬಣ್ಣದಲ್ಲಿ ಮುಳುಗಿಸಿ ಒತ್ತಡ ಕೊಟ್ಟು ಇಡುತ್ತಿದ್ದೆವು. ಆಮೇಲೆ ಚೂರನ್ನು ಮತ್ತೆ ಒಡೆದು ನೋಡಬೇಕು. ಗುಲಾಬಿ ಬಣ್ಣ ಎಳೆಯಷ್ಟು ಒಳಗೆ ಇಳಿದಿದ್ದರೂ ಆ ಲಾಟ್ ಫೇಲ್. ನಿಮಗೆ ಪೆನ್ನಿನ ಶಾಯಿ ಸಾಕು. ಗ್ಲೇಜ್ (ಗಾಜಿನ ಲೇಪ) ಇಲ್ಲದ ಒಡೆದ ಅಂಚಿಗೆ ಒಂದು ಹನಿ ಬಿಟ್ಟು, ಒಣಗಿದ ಮೇಲೆ ತೊಳೆಯಿರಿ. ಕಲೆ ಉಳಿದರೆ ಬೇಯಬೇಕಾದಷ್ಟು ಬೆಂದಿಲ್ಲ.

ಒಲೆಯೊಳಗೆ ಬಾಯಿ ವಾಲದಂತೆ ಅದೇ ಬಾಡಿಯಲ್ಲಿ ಒಂದು ಬಳೆ ಮಾಡಿ, ಅಂಟದಂತೆ ಅಲ್ಯುಮಿನಾ ಪುಡಿ ಹಚ್ಚಿ ಬಾಯೊಳಗೆ ಕೂರಿಸಿ. ಅದೇ ಬಾಡಿಯದ್ದೇ ಆಗಿರಬೇಕು, ಯಾಕೆಂದರೆ ದೀಪ ಕುಗ್ಗಿದಷ್ಟೇ ಅದೂ ಕುಗ್ಗಬೇಕು. ಹಸಿಯಿಂದ ಸುಡುವಷ್ಟರಲ್ಲಿ ಈ ಬಾಡಿ ನೂರಕ್ಕೆ 12ರಿಂದ 15 ಕುಗ್ಗುತ್ತದೆ.

ಕಾವಾ_ಹಳೇ_ವಿದ್ಯಾರ್ಥಿ

ಇನ್ಸುಲೇಟರ್ ಸರ್ ಹೇಳಿದ ಗಾಜಿನ ಮಾತು ನಿಜ. ಚೀನಾದ ಪಿಂಗಾಣಿ ನೋಡಿ ಬೆರಗಾದ ಯುರೋಪಿನವರು ಮೊದಲು ಮಾಡಿದ್ದೂ ಅದನ್ನೇ. 1575ರ ಹೊತ್ತಿಗೆ ಫ್ಲಾರೆನ್ಸ್‌ನಲ್ಲಿ ಮೆಡಿಚಿಗಳ ಆಶ್ರಯದಲ್ಲಿ, ಆಮೇಲೆ ಫ್ರಾನ್ಸಿನಲ್ಲಿ, ಜೇಡಿಗೆ ಗಾಜಿನ ಪುಡಿಯನ್ನೇ ಬೆರೆಸಿ ನೋಡಿದರು. ಬೆಳಕು ಬಂತು, ಆದರೆ ಒಲೆಯಲ್ಲಿ ಸಾಮಾನು ಕೈ ಕೊಡುತ್ತಿತ್ತು. ಬಿಳಿ ಜೇಡಿಯ ಗುಟ್ಟು ಬಿಡಿಸಿದ್ದು ಜರ್ಮನಿಯಲ್ಲಿ ಚಿರ್ನ್‌ಹೌಸ್ ಮತ್ತು ಬಾಟ್ಗರ್, 1708ರ ಸುಮಾರಿಗೆ. 1710ರಲ್ಲಿ ಮೈಸನ್ ಕಾರ್ಖಾನೆ ಶುರುವಾಯಿತು.

ಮೂಳೆ ವಿಷಯ. ಬೋನ್ ಚೈನಾದ ಹಳೇ ಲೆಕ್ಕ ಮೂಳೆ ಬೂದಿ 50, ಚೀನಾ ಕ್ಲೇ 25, ಕಾರ್ನಿಷ್ ಸ್ಟೋನ್ (ಫೆಲ್ಡ್‌ಸ್ಪಾರ್ ಇರುವ ಕಲ್ಲು) 25. ಇಂಗ್ಲೆಂಡಿನ ಸ್ಪೋಡ್ 1790ರ ದಶಕದಲ್ಲಿ ಇದನ್ನು ಹದಕ್ಕೆ ತಂದರು. ಬಿಳುಪೂ ಇರುತ್ತೆ, ಬೆಳಕೂ ಚೆನ್ನಾಗಿ ಬರುತ್ತೆ. ಆದರೆ ಮನೆಯಲ್ಲಿ ಮಾಡುವವರಿಗೆ ನಾನು ಹೇಳುವುದಿಲ್ಲ. ಅರ್ಧಕ್ಕರ್ಧ ಬೂದಿ ಇರುವ ಮಣ್ಣು ತಿಗರಿ ಮೇಲೆ ನಿಲ್ಲುವುದಿಲ್ಲ, ಅಚ್ಚಿಗೆ ಎರೆಯಬೇಕು. ಬೇಯುವ ಶಾಖಕ್ಕೂ ಕುಸಿಯುವ ಶಾಖಕ್ಕೂ ಅಂತರ ತೀರಾ ಕಡಿಮೆ. ಮೂಳೆಯಿಲ್ಲದ ಕ್ಯಾಲ್ಸಿಯಂ ಫಾಸ್ಫೇಟ್ ಕೂಡ ಸಿಗುತ್ತದೆ, ಅತ್ತೆಯವರಿಗೆ ಅದರಿಂದ ಅಡ್ಡಿಯಿರಲಿಕ್ಕಿಲ್ಲ. ಆದರೆ ಒಲೆಯ ಕಷ್ಟ ಅದರಲ್ಲೂ ಇದ್ದೇ ಇದೆ.

ನಿಮ್ಮ ಕೆಲಸಕ್ಕೆ ಪೇರಿಯನ್ ಒಮ್ಮೆ ನೋಡಬಹುದು. 1840ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅಮೃತಶಿಲೆಯ ಮೂರ್ತಿಗಳ ಬದಲಿಗೆ ಬಂದ ಬಾಡಿ ಅದು. ಫೆಲ್ಡ್‌ಸ್ಪಾರ್ 60ಕ್ಕೂ ಮೇಲೆ, ಉಳಿದದ್ದು ಚೀನಾ ಕ್ಲೇ. ಗ್ಲೇಜ್ ಬೇಕಿಲ್ಲ, ಮೈಯೇ ಹೊಳೆಯುತ್ತದೆ. ಗೇಣುದ್ದದ ದೀಪ ನಿಲ್ಲಿಸುವುದು ಕಷ್ಟ, ಸಣ್ಣ ಬಿಲ್ಲೆ, ಚಿಪ್ಪುಗಳಿಗೆ ಸರಿಹೋಗುತ್ತೆ.

ಇನ್ನು ಒಂದು ಮಾತು, ಸರ್ ಬೇಜಾರು ಮಾಡಿಕೊಳ್ಳಬಾರದು. ಬೆಳಕು ಸ್ವಲ್ಪ ಹಳದಿಯಾದರೆ ಏನು ನಷ್ಟ? ಇದು ದೀಪ ಅಲ್ವಾ? ಎಲೆಕ್ಟ್ರಿಕ್ ಕಿಲ್ನ್‌ನಲ್ಲಿ ಗಾಳಿ ಆಡುವುದರಿಂದ ಉಳಿದ ಕಬ್ಬಿಣ ಕೆನೆ ಬಣ್ಣಕ್ಕೇ ತಿರುಗುತ್ತದೆ. ಚೀನಾದ ಜಿಂಗ್‌ಡೆಝೆನ್ ಊರಿನ ಹಳೇ ಪಿಂಗಾಣಿಯ ತೆಳು ನೀಲಿ ಬಿಳುಪು ಹೊಗೆಯ ಒಲೆಯದ್ದು. ಫಿಲಡೆಲ್ಫಿಯಾದ ರುಡಾಲ್ಫ್ ಸ್ಟಾಫೆಲ್ ಅಂತ ಒಬ್ಬ ಕಲಾವಿದರಿದ್ದರು. ಪಿಂಗಾಣಿ ಬಟ್ಟಲುಗಳನ್ನು ಬೇಕೆಂದೇ ಒಂದು ಕಡೆ ದಪ್ಪ, ಒಂದು ಕಡೆ ತೆಳು ಬಿಡುತ್ತಿದ್ದರು. ಬೆಳಕು ಒಂದೇ ಸಮ ಬರದಿದ್ದುದೇ ಅವುಗಳ ಚಂದ. ನುಣ್ಣಗೆ, ಸಮವಾಗಿ ಬೇಕು ಅಂದರೆ ಪ್ಲಾಸ್ಟಿಕ್ ಶೇಡ್ ಸಾಕಲ್ಲ.

ಮಂಡ್ಯ_ಇನ್ಸುಲೇಟರ್

ಬೇಜಾರೇನಿಲ್ಲ, ಹಳದಿ ಇರಲಿ. ಕಂದು ಬೇಡ ಅಂದೆ.

ಕೆಲವು ಕಡೆ ಬಿಳುಪು ಕಾಣಲಿ ಅಂತ ಬಾಡಿಗೆ ಚಿಟಿಕೆ ಕೋಬಾಲ್ಟ್ ಹಾಕುತ್ತಾರೆ, ಬಿಳಿ ಪಂಚೆಗೆ ನೀಲಿ ಹಾಕಿದ ಹಾಗೆ. ಹೊರಗಿನಿಂದ ನೋಡಲು ಬೆಳ್ಳಗೆ ಇರುತ್ತೆ, ಒಳಗೆ ಬಲ್ಬ್ ಹಚ್ಚಿದರೆ ಮಂಕು. ದೀಪಕ್ಕೆ ಬೇಡ. ಎಲೆಕ್ಟ್ರಿಕ್ ಕಿಲ್ನ್‌ನೊಳಗೆ ಹೊಗೆ ಎಬ್ಬಿಸುವ ಸಾಹಸವೂ ಬೇಡ. ಎಲಿಮೆಂಟ್ ಬೇಗ ಹೋಗುತ್ತೆ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೂ ಅಪಾಯ.

ಅಂದಹಾಗೆ ಸ್ಲಿಪ್ (ನೀರಾಗಿ ಕಲಸಿದ ಬಾಡಿ) ಕಲಸಿದ ಮೇಲೆ ಒಂದು ಗಟ್ಟಿ ಮ್ಯಾಗ್ನೆಟ್ಟನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅದರೊಳಗೆ ಆಡಿಸಿ. ಕವರಿಗೆ ಕಪ್ಪು ಪುಡಿ ಅಂಟಿರುವುದು ನೋಡಿದರೆ ನಿಮಗೇ ಗೊತ್ತಾಗುತ್ತೆ. ಕಾರ್ಖಾನೆಯಲ್ಲಿ ದೊಡ್ಡ ಮ್ಯಾಗ್ನೆಟ್ ಮೇಲೆ ಹರಿಸಿ ಬಿಡುತ್ತಿದ್ದೆವು.

ಗೊಂಬೆಮನೆ_ಮೈಸೂರು

ಎಲ್ಲರಿಗೂ ಥ್ಯಾಂಕ್ಸ್. ಸೋಡಾ ಫೆಲ್ಡ್‌ಸ್ಪಾರ್ ಬಂದು, ಬಿಲ್ಲೆಗಳು ಒಲೆಯಿಂದ ಹೊರಬಿದ್ದ ಮೇಲೆ ಬರೆಯುತ್ತಿದ್ದೇನೆ.

ಪಟ್ಟಿಗಳಲ್ಲಿ ಫೆಲ್ಡ್‌ಸ್ಪಾರ್ 40ರದ್ದು ನಡು ಬಾಗಿ ಶೆಲ್ಫಿಗೇ ಮುಟ್ಟಿತ್ತು. 30ರದ್ದು ಹೆಚ್ಚುಕಡಿಮೆ ನೆಟ್ಟಗೆ. 35ರದ್ದು ಸ್ವಲ್ಪ ಜೋತಿದೆ. ಆಮೇಲೆ ಲೈಟ್ ಆರಿಸಿ, ಬಿಲ್ಲೆಗಳ ಹಿಂದೆ ಮೊಬೈಲ್ ಟಾರ್ಚ್ ಹಿಡಿದೆ. ಹಳೇ ಬಾಡಿಯಲ್ಲಿ 2 ಮಿಲಿಮೀಟರ್ ಮೆಟ್ಟಿಲಿಗೇ ಬೆಳಕು ನಿಂತುಹೋಗಿತ್ತು. 35ರದ್ದರಲ್ಲಿ 3ರ ಮೆಟ್ಟಿಲ ಹಿಂದೆ ಬೆರಳು ಆಡಿಸಿದರೆ ನೆರಳು ಆಡುವುದು ಕಾಣುತ್ತೆ. 1ರ ಮೆಟ್ಟಿಲಲ್ಲಿ ಉಗುರಿನ ಅಂಚೇ ಗೊತ್ತಾಗುತ್ತೆ! ಬಣ್ಣ ತೆಳು ಕೆನೆ. ಅತ್ತೆ ಬಂದು ನೋಡಿ, ಇದರಲ್ಲಿ ಮೂಳೆ ಇಲ್ಲ ತಾನೇ ಅಂತ ಎರಡೆರಡು ಸಲ ಕೇಳಿ, ಒಂದು ಬಿಲ್ಲೆ ದೇವರ ಮನೆ ಬಲ್ಬಿಗೆ ಅಡ್ಡ ಇಡಿಸಿಕೊಂಡರು.

ಆದರೆ ತಿಗರಿ ಮೇಲೆ ಈ ಮಣ್ಣು ಮಾತೇ ಕೇಳುತ್ತಿಲ್ಲ. ಸ್ವಲ್ಪ ಎತ್ತರ ಹೋದರೆ ಕುಸಿಯುತ್ತೆ. ಅಚ್ಚಿಗೆ ಎರೆಯುವುದೇ ಒಳ್ಳೆಯದಾ? ಬೋರ್ ನೀರಲ್ಲಿ, ಸ್ಲಿಪ್ ತೆಳುವಾಗಿ ಹರಿಯಲಿ ಅಂತ ಸೋಡಿಯಂ ಸಿಲಿಕೇಟ್ ಹಾಕಿ ಒಂದು ಬಕೆಟ್ ಸ್ಲಿಪ್ ಕಲಸಿದ್ದೇನೆ, ಹಾಗೇ ಮೊಸರು ಕಟ್ಟಿ ಕೂತಿದೆ.

ಮಂಡ್ಯ_ಇನ್ಸುಲೇಟರ್

ಎರಡು ಕಾರಣ. ಎರೆಯುವ ಸ್ಲಿಪ್ಪಿಗೆ ಬೆಂಟೊನೈಟ್ ಹಾಕಬಾರದು, ಅದು ನೀರು ಹೀರಿ ಗಟ್ಟಿ ಮಾಡುತ್ತೆ. ತೆಗೆದುಬಿಟ್ಟು ಜೇಡಿ 45 ಮಾಡಿ. ಇನ್ನೊಂದು ನೀರು. ಬೋರ್ ನೀರಿನ ಗಡಸು ಉಪ್ಪುಗಳು ಸಿಲಿಕೇಟ್ ಕೆಲಸ ಮಾಡಲು ಬಿಡುವುದಿಲ್ಲ. ನಲ್ಲಿಯಲ್ಲಿ ಕಾವೇರಿ ನೀರು ಬಂದಾಗ ಹಿಡಿದಿಡಿ, ಇಲ್ಲವೇ ಮಳೆ ನೀರು. ಸಿಲಿಕೇಟ್ ಒಣ ತೂಕದ ನೂರಕ್ಕೆ 0.3ರಿಂದ 0.5 ಅಷ್ಟೇ. ಹನಿ ಹನಿಯಾಗಿ ಹಾಕಿ ನೋಡುತ್ತಾ ಹೋಗಿ. ಜಾಸ್ತಿಯಾದರೂ ಮತ್ತೆ ಗಟ್ಟಿಯಾಗುತ್ತೆ. ಒಂದು ಲೀಟರ್ ಅಳೆದು ತೂಗಿದರೆ ಒಂದೂಮುಕ್ಕಾಲು ಕೇಜಿ, ಅಂದರೆ 1.75 ಬರಬೇಕು. ಅಚ್ಚಿನಲ್ಲಿ ಎರಡು ಮೂರು ನಿಮಿಷ ನಿಲ್ಲಿಸಿ ಸುರಿದುಬಿಡಿ. ತೆಳು ಗೋಡೆಗೆ ಅಷ್ಟು ಸಾಕು.

ಕಾವಾ_ಹಳೇ_ವಿದ್ಯಾರ್ಥಿ

ಎರೆಯುವುದಾದರೆ ನಿಮ್ಮ ಗೆಸ್ಸೋ ಕೈಗೆ ತಕ್ಕ ಕೆಲಸ ಒಂದಿದೆ. ಲಿಥೋಫೇನ್ ಅಂತ. 1827ರಲ್ಲಿ ಬೂರ್ಗ್ವಾಂ ಅನ್ನುವ ಫ್ರೆಂಚ್ ಬ್ಯಾರನ್ ಅದಕ್ಕೆ ಪೇಟೆಂಟ್ ಪಡೆದರು. ತೆಳು ಬಿಳಿ ಫಲಕ, ಸುಮ್ನೆ ನೋಡಿದರೆ ಉಬ್ಬು ತಗ್ಗು ಅಷ್ಟೇ, ಹಿಂದೆ ದೀಪ ಇಟ್ಟರೆ ಚಿತ್ರ ಏಳುತ್ತೆ. ಗಾಜಿನ ಮೇಲೆ ಮೇಣ ಎರೆದು, ಕೆಳಗೆ ಬೆಳಕು ಇಟ್ಟು ಕೆತ್ತಬೇಕು. ಅದರ ಮೇಲೆ ಪ್ಲಾಸ್ಟರ್ ಅಚ್ಚು. ನಿಮಗೆ ಒಂದೇ ತಿರುವು: ಗೆಸ್ಸೋದಲ್ಲಿ ಎಬ್ಬಿಸಿದ್ದು ಹೊಳೆಯುತ್ತೆ, ಇಲ್ಲಿ ಎಬ್ಬಿಸಿದ್ದು ಕತ್ತಲಾಗುತ್ತೆ. ಚಾಮುಂಡಿಯ ಆಭರಣ ಬೆಳಗಬೇಕು ಅಂದರೆ ಆಭರಣವನ್ನೇ ಆಳಕ್ಕೆ ಕೆತ್ತಬೇಕು. ತೆಳು ಕಡೆ ಒಂದೂವರೆ ಮಿಲಿಮೀಟರ್, ದಪ್ಪ ಕಡೆ ನಾಲ್ಕು. ಫಲಕ ಚಪ್ಪಟೆಯಾದ್ದರಿಂದ ಶೆಲ್ಫ್ ಮೇಲೆ ಮಲಗಿಸಿ ಸುಡಬಹುದು, ಬಾಯಿ ವಾಲುವ ತಾಪತ್ರಯವೇ ಇಲ್ಲ.

ಗೊಂಬೆಮನೆ_ಮೈಸೂರು

ಇದು ನನ್ನ ತಲೆಗೇ ಹೊಳೆದಿರಲಿಲ್ಲ! ನಾಲ್ಕು ಫಲಕ ಜೋಡಿಸಿದರೆ ಗೂಡೇ ಆಗುತ್ತೆ. ಮೇಣದ ಮೇಲೆ ಪ್ಲಾಸ್ಟರ್ ಹಾಕಿದರೆ ಅಂಟುವುದಿಲ್ಲವಾ? ಸೋಪು ನೀರು ಹಚ್ಚಬೇಕಾ?

ಮಂಡ್ಯ_ಇನ್ಸುಲೇಟರ್

ಮೇಣಕ್ಕೆ ಸೋಪು ಬೇಡ, ಅದು ಅಂಟುವುದಿಲ್ಲ. ಸೋಪು ಹಚ್ಚಿದರೆ ಸಣ್ಣ ಗೆರೆಗಳು ಮುಚ್ಚಿಹೋಗುತ್ತವೆ. ನೂರು ಭಾಗ ಪ್ಲಾಸ್ಟರಿಗೆ 70 ಭಾಗ ನೀರು, ತೂಕದ ಲೆಕ್ಕ. ಪ್ಲಾಸ್ಟರ್ ಬಿಗಿಯುವಾಗ ಬಿಸಿಯಾಗುತ್ತದೆ, ಮೇಣ ಮೆತ್ತಗಾದೀತು. ಮೊದಲ ಪದರ ತೆಳುವಾಗಿ ಕುಂಚದಲ್ಲಿ ಹಚ್ಚಿ, ಆಮೇಲೆ ಉಳಿದದ್ದು ಸುರಿಯಿರಿ. ಫಲಕವನ್ನು ಎರಡು ಪ್ಲಾಸ್ಟರ್ ಹಲಗೆ ನಡುವೆ ನಿಧಾನಕ್ಕೆ ಒಣಗಿಸಿ, ಇಲ್ಲದಿದ್ದರೆ ಮೂಲೆ ಏಳುತ್ತೆ. ಶೆಲ್ಫಿಗೆ ಅಲ್ಯುಮಿನಾ ಹಚ್ಚುವುದು ಮರೆಯಬೇಡಿ.